ಅಂಚೆ ವೆಚ್ಚ ಯಾರ ಪಾಲಿನದು?

ಹಳೆಯ ಪುಸ್ತಕವನ್ನೋ ಹಿತ್ತಾಳೆಯ ದೀಪವನ್ನೋ ದಸರಾ ಬೊಂಬೆಗಳನ್ನೋ ಮೊಬೈಲಿನಲ್ಲಿ ಚಿತ್ರ ತೋರಿಸಿ ಮಾರುವವರೂ ಆ ಚಿತ್ರವನ್ನು ನೋಡಿ ಮೆಚ್ಚಿ ಕೊಳ್ಳುವವರೂ ಬೆಲೆಯ ವಿಷಯದಲ್ಲಿ ಬಲುಬೇಗ ಒಮ್ಮತಕ್ಕೆ ಬರುತ್ತಾರೆ. ಆದರೆ ಆ ವಸ್ತು ಬಸವನಗುಡಿಯ ಮನೆಯೊಂದರಿಂದ ಹೊರಟು ಬೀದರಿನದೋ ಕಾಸರಗೋಡಿನದೋ ಇನ್ನೊಂದು ಮನೆಯನ್ನು ಸೇರುವುದಕ್ಕೆ ತಗಲುವ ವೆಚ್ಚದ ಪ್ರಸ್ತಾಪ ಬಂದೊಡನೆಯೇ, ಅದುವರೆಗೆ ಸೌಜನ್ಯದಿಂದ ನಡೆದಿದ್ದ ಮಾತುಕತೆ ಬಿರುಸಾಗಿ, ಕೊನೆಗೆ ಒಬ್ಬರ ಪ್ರಾಮಾಣಿಕತೆಯನ್ನು ಇನ್ನೊಬ್ಬರು ಶಂಕಿಸುವವರೆಗೆ ಹೋಗುವುದನ್ನು ಈಚಿನ ವರ್ಷಗಳಲ್ಲಿ ಪದೇ ಪದೇ ಕಾಣುತ್ತಿದ್ದೇವೆ. ವಿವಾದಕ್ಕೆ ಕಾರಣವಾದ ಹಣ ಅಲ್ಪವಾದರೂ ಅದರಿಂದ ಹುಟ್ಟುವ ಮನಸ್ತಾಪ ಅಲ್ಪವಲ್ಲ. ಆದಕಾರಣ ಈ ವೆಚ್ಚ ನ್ಯಾಯವಾಗಿ ಯಾರ ಪಾಲಿಗೆ ಸೇರತಕ್ಕದ್ದು, ಅದನ್ನು ಯಾವಾಗ ಹೇಳತಕ್ಕದ್ದು ಎಂಬುದನ್ನು ಸಾವಧಾನವಾಗಿ ವಿಚಾರ ಮಾಡುವುದು ಉಚಿತ.

ಚಾಮರಾಜಪೇಟೆಯಲ್ಲಿ ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯಿನಿಯೊಬ್ಬರು, ತಮ್ಮ ಯಜಮಾನರು ಬಿಟ್ಟುಹೋದ ಪುಸ್ತಕಗಳು ಓದುವವರ ಕೈಗೆ ಸೇರಲಿ ಎಂಬ ಅಪೇಕ್ಷೆಯಿಂದ ಅವನ್ನು ವಾಟ್ಸಾಪಿನ ಬಳಗವೊಂದರಲ್ಲಿ ಅರ್ಧ ಬೆಲೆಗೆ ಕೊಡುತ್ತ ಬಂದಿದ್ದಾರೆ. ಉತ್ತರ ಕರ್ನಾಟಕದ ಯುವಕನೊಬ್ಬ 150 ರೂಪಾಯಿಗೆ ಒಂದು ಗ್ರಂಥವನ್ನು ಒಪ್ಪಿಕೊಂಡ. ಕಟ್ಟನ್ನು ಕಳುಹಿಸಿಯಾದ ಮೇಲೆ ಈಕೆ 230 ರೂಪಾಯಿ ಕೇಳಿದರು. "ಅಮ್ಮಾ, ನೂರೈವತ್ತು ಅಂದಿದ್ರಲ್ಲ?" ಎಂದು ಅವನು. "ಪುಸ್ತಕಕ್ಕೆ ನೂರೈವತ್ತೇ ಕಣಪ್ಪ, ಮಿಕ್ಕಿದ್ದು ಕೊರಿಯರಿನವರಿಗೆ, ರಸೀದಿ ಕಳಿಸ್ತೀನಿ ನೋಡು" ಎಂದು ಇವರು. ರಸೀದಿಯನ್ನು ನೋಡಿದರೆ ಅದರಲ್ಲಿದ್ದದ್ದು 65 ರೂಪಾಯಿ. ಉಳಿದ 15 ರೂಪಾಯಿ ರಟ್ಟಿಗೂ ಅಂಟುಪಟ್ಟಿಗೂ ಮಳೆ ತಾಗದಿರಲೆಂದು ಸುತ್ತಿದ ಪ್ಲಾಸ್ಟಿಕ್ಕಿಗೂ ಆದದ್ದು. ಹದಿನೈದು ರೂಪಾಯಿಗಾಗಿ ಆ ಹುಡುಗ ತನ್ನನ್ನು ಸುಳ್ಳುಗಾರ್ತಿ ಎಂದು ಬಗೆದನಲ್ಲಾ ಎಂದು ಈಕೆ ವ್ಯಥೆಪಟ್ಟರು. ಹೇಳದೆ ಮುಚ್ಚಿಟ್ಟು ಆಮೇಲೆ ವಸೂಲು ಮಾಡಿದರೆಂದು ಅವನೂ ಅಷ್ಟೇ ನೊಂದುಕೊಂಡ. ಇಬ್ಬರಲ್ಲಿಯೂ ವಂಚನೆಯ ಉದ್ದೇಶ ಲೇಶಮಾತ್ರವೂ ಇರಲಿಲ್ಲ.

ಇಂಥ ಸಂದರ್ಭದಲ್ಲಿ ನ್ಯಾಯವೇನೆಂಬುದನ್ನು ನಮ್ಮ ದೇಶದ ಶಾಸನವೊಂದು ಮೊಬೈಲು ಕನಸಿನಲ್ಲಿಯೂ ಇಲ್ಲದಿದ್ದ ಕಾಲದಲ್ಲಿಯೇ ತೀರ್ಮಾನಿಸಿಟ್ಟಿದೆ. 1930ರ ಸರಕು ಮಾರಾಟ ಅಧಿನಿಯಮದ 36ನೆಯ ಪ್ರಕರಣದ ಪ್ರಕಾರ, ಇಬ್ಬರೂ ಬೇರೆ ರೀತಿಯಲ್ಲಿ ಒಪ್ಪಿಕೊಂಡಿಲ್ಲದ ಪಕ್ಷದಲ್ಲಿ, ಮಾರಿದ ಸರಕು ಮಾರಾಟದ ಕಾಲದಲ್ಲಿ ಎಲ್ಲಿರುವುದೋ ಅಲ್ಲಿಯೇ ಅದನ್ನು ಒಪ್ಪಿಸತಕ್ಕದ್ದು. ಅಂದರೆ ಅಲ್ಲಿಂದ ಅದನ್ನು ತರಿಸಿಕೊಳ್ಳುವ ಭಾರ ಕೊಂಡವನದು. ಆದರೆ ಅದೇ ಪ್ರಕರಣ, ಸರಕನ್ನು ಒಪ್ಪಿಸುವುದಕ್ಕೆ ಯೋಗ್ಯವಾದ ಸ್ಥಿತಿಗೆ ತರುವುದರ ಖರ್ಚು ಮಾರಿದವನದು ಎಂದೂ ವಿಧಿಸುತ್ತದೆ. ಈ ಎರಡು ವಾಕ್ಯಗಳನ್ನು ಆ ವಿವಾದಕ್ಕೆ ಅನ್ವಯಿಸಿ ನೋಡಿದರೆ 65 ರೂಪಾಯಿ ಯುವಕನ ಪಾಲಿಗೂ ರಟ್ಟಿನ 15 ರೂಪಾಯಿ ಉಪಾಧ್ಯಾಯಿನಿಯವರ ಪಾಲಿಗೂ ಬೀಳುತ್ತವೆ. ಆದರೆ ಈ ವಿಂಗಡಣೆಯೆಲ್ಲ, ಮೊದಲೇ ಮಾತಾಡಿಕೊಳ್ಳದಿದ್ದವರಿಗೆ ಮಾತ್ರ. ಮುಂಚಿತವಾಗಿ ಒಂದು ಮಾತು ಹೇಳಿದ್ದರೆ, ಆ ಮಾತೇ ಶಾಸನಕ್ಕಿಂತ ಮೇಲಾಗುತ್ತಿತ್ತು. ಒಪ್ಪಂದಕ್ಕೆ ಮೊದಲು ಹೇಳಿದ ವೆಚ್ಚ ಎಷ್ಟೇ ಅಧಿಕವಾಗಿದ್ದರೂ ಅದು ಬೆಲೆ. ಒಪ್ಪಂದವಾದ ಮೇಲೆ ಹೇಳಿದ್ದು ಎಷ್ಟೇ ಅಲ್ಪವಾಗಿದ್ದರೂ ಅದು ಹೇರಿಕೆ. ಈ ಭೇದವನ್ನು ನಮ್ಮ ಜನ ಮನಗಾಣಬೇಕೆಂಬುದೇ ನಾನು ಇಲ್ಲಿ ಹೇಳಲು ಹೊರಟಿರುವ ಮಾತು.

ತಲುಪಿಸುವ ಖರ್ಚನ್ನು ಯಾರು ತೆರಬೇಕೆಂಬ ಜಿಜ್ಞಾಸೆ ಹೊಸದಲ್ಲ. ಇಂಗ್ಲೆಂಡಿನಲ್ಲಿ 1840ಕ್ಕೆ ಮೊದಲು ಸಾಧಾರಣವಾಗಿ ಪತ್ರದ ಹಾಸಲನ್ನು ಕೊಡುತ್ತಿದ್ದವನು ಅದನ್ನು ಪಡೆಯುವವನು. ಆ ವರ್ಷ ರೋಲೆಂಡ್ ಹಿಲ್ ಎಂಬಾತನ ಸುಧಾರಣೆಯಿಂದ, ಬರೆದವನೇ ಮುಂಗಡವಾಗಿ ಒಂದು ಪೆನ್ನಿಯ ಚೀಟಿಯನ್ನು ಹಚ್ಚುವ ಪದ್ಧತಿ ಜಾರಿಗೆ ಬಂತು. ನಮ್ಮಲ್ಲಿಯೂ 1837ರ ಕಾನೂನಿನ ಮೇರೆಗೆ ಹಾಸಲು ದೂರವನ್ನು ಅನುಸರಿಸಿ ಏರುತ್ತಿತ್ತು. ಕಲ್ಕತ್ತೆಯಿಂದ ಮುಂಬಯಿಗೆ ಒಂದು ತೊಲ ತೂಕದ ಕಾಗದಕ್ಕೆ ಒಂದು ರೂಪಾಯಿ ಬೀಳುತ್ತಿತ್ತೆಂದರೆ, ಬಡವನಿಗೆ ಪತ್ರವ್ಯವಹಾರವೇ ನಿಷಿದ್ಧವಾಗಿತ್ತೆನ್ನಬೇಕು. 1854ರಲ್ಲಿ ಆ ಏಣಿಯನ್ನು ತೆಗೆದುಹಾಕಿ, ಕಾಲು ತೊಲದ ಕಾಗದ ದೇಶದ ಯಾವ ಮೂಲೆಗೆ ಹೋದರೂ ಅರ್ಧ ಆಣೆ ಎಂದು ಗೊತ್ತುಮಾಡಿದರು. ಚೀಟಿ ಹಚ್ಚದೆ ಬಂದ ಬೇರಿಂಗ್ ಕಾಗದಕ್ಕೆ ಪಡೆಯುವವನು ಇಮ್ಮಡಿ ತೆರಬೇಕಾಗಿತ್ತು. ನಮ್ಮ ಹಿರಿಯರ ಮನೆಗಳಲ್ಲಿ ಬೇರಿಂಗ್ ಕಾಗದ ಬಂತೆಂದರೆ ಏನು ಅಶುಭವೋ ಎಂಬ ಕಳವಳದೊಡನೆ, ಕಳುಹಿಸಿದವರ ಮೇಲೆ ಸ್ವಲ್ಪ ಕೋಪವೂ ಬರುತ್ತಿದ್ದುದು ಸಹಜವೇ. ಕಲಾಸಿಪಾಳ್ಯದ ಲಾರಿ ಆಫೀಸುಗಳಲ್ಲಿ ಇಂದಿಗೂ ಸರಕಿನ ರಸೀದಿಯ ಮೇಲೆ 'ಪೇಯ್ಡ್' ಎಂದೋ 'ಟು ಪೇ' ಎಂದೋ ಬರೆದೇ ಕೊಡುತ್ತಾರೆ. ಬಾಡಿಗೆಯನ್ನು ಇಲ್ಲಿ ಕೊಟ್ಟಾಗಿದೆಯೋ ಅಲ್ಲಿ ಬಿಡಿಸಿಕೊಳ್ಳುವವನು ಕೊಡಬೇಕೋ ಎಂಬ ಸಂದೇಹಕ್ಕೆ ಅಲ್ಲಿ ಆಸ್ಪದವೇ ಇಲ್ಲ. ಹಮಾಲರಿಗೂ ಗುಮಾಸ್ತರಿಗೂ ಸ್ವತಸ್ಸಿದ್ಧವಾಗಿರುವ ಈ ಸ್ಪಷ್ಟತೆ ವಿದ್ಯಾವಂತರ ವಾಟ್ಸಾಪ್ ವ್ಯವಹಾರಕ್ಕೆ ಇನ್ನೂ ಬಂದಿಲ್ಲ.

ಕನ್ನಡ ಪುಸ್ತಕಗಳ ಮಾರಾಟದ ಚರಿತ್ರೆಯನ್ನು ತಿಳಿದವರಿಗೆ ಈ ವಿಷಯದ ನೋವು ಚೆನ್ನಾಗಿ ಗೊತ್ತು. ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದು ಪ್ರಸಿದ್ಧವಾದ ಸಂಗತಿ. ಅಂಥ ದೇಹಶ್ರಮವನ್ನು ಕೈಕೊಳ್ಳಲಾರದ ಪ್ರಕಾಶಕರಿಗೆ ಒದಗಿದ ಉಪಾಯ 1877ರಲ್ಲಿ ಈ ದೇಶದಲ್ಲಿ ಆರಂಭವಾದ ವಿ.ಪಿ.ಪಿ. ಓದುಗನು ಒಂದು ಕಾರ್ಡು ಬರೆದರೆ ಸಾಕು. ಪುಸ್ತಕ ಅವನ ಊರಿನ ಅಂಚೆಯವನ ಕೈಗೆ ಬಂದು, ಓದುಗನು ಹಣ ಕೊಟ್ಟು ಬಿಡಿಸಿಕೊಂಡ ಮೇಲೆ ಆ ಹಣ ಮನಿಯಾರ್ಡರಿನ ರೂಪದಲ್ಲಿ ಪ್ರಕಾಶಕನಿಗೆ ಬಂದು ಸೇರುತ್ತಿತ್ತು. ಕನ್ನಡದಲ್ಲಿ ಅಚ್ಚಾದ ಪುಸ್ತಕಪಟ್ಟಿಗಳ ಕೊನೆಯಲ್ಲಿ 'ಅಂಚೆ ವೆಚ್ಚ ಪ್ರತ್ಯೇಕ' ಎಂಬ ಸಾಲನ್ನು ಕಾಣದ ಓದುಗನಿಲ್ಲ. ಆ ಸಾಲು ಸಣ್ಣಕ್ಷರದಲ್ಲಿದ್ದರೂ ಸತ್ಯವಂತವಾದದ್ದು. ಆದರೆ ವಿ.ಪಿ. ತರಿಸಿಕೊಂಡವನು, ಅಷ್ಟರಲ್ಲಿ ಮನಸ್ಸು ಬದಲಾಗಿಯೋ ಕೈಯಲ್ಲಿ ಹಣವಿಲ್ಲದೆಯೋ, ಬೇಡವೆಂದು ಹಿಂದಿರುಗಿಸಿದರೆ, ಹೋಗುವ ಖರ್ಚೂ ಕಟ್ಟಿದ ಶ್ರಮವೂ ಪ್ರಕಾಶಕನ ತಲೆಯ ಮೇಲೆ ಬೀಳುತ್ತಿದ್ದವು. ಪುಸ್ತಕ ಮೂಲೆ ಮಡಿಸಿಕೊಂಡು ಮನೆಗೆ ಮರಳುತ್ತಿತ್ತು. ಇಂದು 'ಕ್ಯಾಷ್ ಆನ್ ಡೆಲಿವರಿ' ಎಂದು ಹೇಳಿ ಬಾಗಿಲಿನಲ್ಲಿ ಬೇಡವೆನ್ನುವವರು ಮಾಡುತ್ತಿರುವುದೂ ಅದನ್ನೇ. ಸಣ್ಣ ವ್ಯಾಪಾರಿಗಳು ಮುಂಗಡ ಹಣವಿಲ್ಲದೆ ಕಳುಹಿಸುವುದಿಲ್ಲವೆಂದು ಹಟ ಹಿಡಿದರೆ ಅದನ್ನು ಅಪನಂಬಿಕೆಯೆಂದು ತಿಳಿಯಬಾರದು; ಮರಳಿ ಬಂದ ಕಟ್ಟುಗಳು ಅವರಿಗೆ ಕಲಿಸಿದ ಪಾಠವದು.

ಪುಸ್ತಕಗಳಿಗೆ ಅಂಚೆ ಇಲಾಖೆ ಬಹುಕಾಲದಿಂದ ಕೊಡುತ್ತಿದ್ದ ಒಂದು ರಿಯಾಯಿತಿಯ ಮಾತನ್ನೂ ಇಲ್ಲಿ ಹೇಳಬೇಕು. ಮುದ್ರಿತ ಪುಸ್ತಕಗಳನ್ನು ಕಡಿಮೆ ದರದಲ್ಲಿ ರಿಜಿಸ್ಟರು ಮಾಡಿ ಕಳುಹಿಸುವ ವ್ಯವಸ್ಥೆ 2024ರ ಡಿಸೆಂಬರಿನಲ್ಲಿ ನಿಂತುಹೋದಾಗ ಸಣ್ಣ ಪ್ರಕಾಶಕರೂ ಹಳೆಯ ಪುಸ್ತಕದವರೂ ಕಂಗೆಟ್ಟರು. ನಿನ್ನೆಯವರೆಗೆ ಹೇಳುತ್ತಿದ್ದ ಅಂಚೆ ವೆಚ್ಚ ಇಂದು ಹೇಳಲಾಗದಂತಾಗಿ, ಮಾತು ಕೊಟ್ಟವರು ಕೈಯಿಂದ ಕಳೆದುಕೊಳ್ಳಬೇಕಾಯಿತು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂಬ ಹೊಸ ಸೇವೆ ಆರಂಭವಾದದ್ದು ಸಮಾಧಾನದ ಸಂಗತಿ. ಅದರಲ್ಲಿ 300 ಗ್ರಾಮಿನ ಪುಸ್ತಕಕ್ಕೆ 20 ರೂಪಾಯಿಯಿಂದ ಮೊದಲಾಗಿ 5 ಕಿಲೋಗೆ 100 ರೂಪಾಯಿಯವರೆಗೆ, ತೆರಿಗೆಯನ್ನು ಬಿಟ್ಟು, ದರವಿದೆ. ಕಟ್ಟು ಎಲ್ಲಿದೆಯೆಂದು ನೋಡಿಕೊಳ್ಳುವ ಅನುಕೂಲವೂ ಉಂಟು. ನೆಲದ ಮಾರ್ಗವಾಗಿ ಹೋಗುವುದರಿಂದ ಕೆಲವು ದಿನ ಹೆಚ್ಚಾಗಿ ಹಿಡಿಯಬಹುದು. ಕಾದು ಓದುವ ಅಭ್ಯಾಸವುಳ್ಳವರಿಗೆ ಅದೇನೂ ದೊಡ್ಡ ಕಷ್ಟವಲ್ಲ. ಆದರೆ ನಿಯತಕಾಲಿಕಗಳಿಗೆ ಈ ಸೌಲಭ್ಯವಿಲ್ಲ. ಹಳೆಯ ಕಸ್ತೂರಿ, ಮಯೂರಗಳ ಸಂಚಿಕೆಗಳನ್ನು ಮಾರುವವರು ಪುಸ್ತಕದ ದರವನ್ನೇ ಹೇಳಿಬಿಟ್ಟು, ಅಂಚೆಯ ಕಿಟಕಿಯಲ್ಲಿ ನಿಂತಾಗ ಬೇರೆ ದರ ಕೇಳಿ ಗಾಬರಿಗೊಳ್ಳುವ ಸಂಭವವುಂಟು. ಜೊತೆಗೆ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಎಂಬ ಪ್ರತ್ಯೇಕ ಸೇವೆ ಸ್ಪೀಡ್ ಪೋಸ್ಟಿನಲ್ಲಿ ಲೀನವಾಗಿದೆ. ಆ ವರ್ಷದ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟಿನ ದರಗಳೂ ಬದಲಾಗಿವೆ. ಒಂದು ವರ್ಷದ ಹಿಂದೆ ತಾವು ಕೊಟ್ಟ ಹಣವನ್ನು ನೆನಪಿಟ್ಟುಕೊಂಡು ಇಂದು ದರ ಹೇಳುವುದು ಅಪಾಯಕರ.

ಇನ್ನು ತೂಕದ ಪ್ರಶ್ನೆ. ಬಹುಮಟ್ಟಿನ ಜಗಳಗಳ ಬೇರು ಇಲ್ಲಿದೆ ಎಂದು ನನ್ನ ನಂಬಿಕೆ; ಆದ್ದರಿಂದ ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತರಿಸಿಯೇ ಹೇಳುತ್ತೇನೆ. ಮಲ್ಲೇಶ್ವರದ ಗೃಹಿಣಿಯೊಬ್ಬರು ಮಣ್ಣಿನ ಬೊಂಬೆಗಳ ಒಂದು ಜೋಡಿಯನ್ನು ಮಾರುತ್ತಾರೆಂದು ಭಾವಿಸೋಣ. ಅಡಿಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದರೆ ಅವುಗಳ ತೂಕ, ಹುಲ್ಲು ಕಾಗದ ಸೇರಿ, 2 ಕಿಲೋ. ಆ ಲೆಕ್ಕದ ಮೇಲೆ ಆಕೆ ಕೊಳ್ಳುವವರಿಗೆ ಸಾಗಣೆಯ ವೆಚ್ಚವನ್ನು ಹೇಳಿಬಿಡುತ್ತಾರೆ. ಬೊಂಬೆಯ ಮೂಗು ಮುರಿಯದಿರಲೆಂದು ಸುತ್ತಲೂ ಮೆತ್ತೆ ತುಂಬಿ, 40 ಸೆಂಟಿಮೀಟರು ಉದ್ದ, 30 ಅಗಲ, 30 ಎತ್ತರದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕೊರಿಯರಿನವರ ಬಳಿಗೆ ಒಯ್ದರೆ, ಅವರು ತಕ್ಕಡಿಗೆ ಮೊದಲು ಅಳತೆಯ ಪಟ್ಟಿಯನ್ನು ತೆಗೆಯುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಗುಣಿಸಿದರೆ 36,000; ರೂಢಿಯಲ್ಲಿರುವಂತೆ ಅದನ್ನು 5,000ದಿಂದ ಭಾಗಿಸಿದರೆ 7.2. ಆ ಪೆಟ್ಟಿಗೆ ನಿಜವಾಗಿ ತೂಗುವುದು 2 ಕಿಲೋ ಆದರೂ ವಾಹನದಲ್ಲಿ ಆಕ್ರಮಿಸುವ ಸ್ಥಳ 7.2 ಕಿಲೋ ಸರಕಿನದೆಂದು ಎಣಿಸಿ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಾಕುತ್ತಾರೆ. ಇದು ಸುಲಿಗೆಯಲ್ಲ, ಗಾಳಿ ತುಂಬಿದ ಪೆಟ್ಟಿಗೆಗಳಿಂದಲೇ ವಾಹನ ತುಂಬಿಹೋದರೆ ಸಾಗಿಸುವವನಿಗೆ ನಷ್ಟವೆಂಬುದು ನಿಜ. ಆದರೆ ಈ ಲೆಕ್ಕವನ್ನು ಅರಿಯದ ಆ ಗೃಹಿಣಿಗೆ ಬೊಂಬೆಯಲ್ಲಿ ಬಂದ ಲಾಭ ಪೆಟ್ಟಿಗೆಯಲ್ಲಿ ಹೋಗುತ್ತದೆ; ಅದನ್ನು ಕೊಂಡವರಿಂದ ಕೇಳಿದರೆ ಅವರ ವಿಶ್ವಾಸವೂ ಹೋಗುತ್ತದೆ. ಮಾರುವ ಮುನ್ನವೇ ಪೆಟ್ಟಿಗೆಯನ್ನು ಕಟ್ಟಿ, ಅಳೆದು, ಆಮೇಲೆ ದರ ಹೇಳುವುದು ಸ್ವಲ್ಪ ಶ್ರಮದ ಕೆಲಸವಾದರೂ ಅದಕ್ಕೆ ಬದಲಿಯಿಲ್ಲ.

ದೊಡ್ಡ ಮಾರಾಟತಾಣಗಳಲ್ಲಿ ವ್ಯಾಧಿಯ ಲಕ್ಷಣ ಬೇರೆ. ಅಲ್ಲಿ ಅಜ್ಞಾನವಿಲ್ಲ, ಎಣಿಕೆಯಿದೆ. ಮೊದಲ ಪುಟದಲ್ಲಿ 299 ರೂಪಾಯಿ ಎಂದು ತೋರಿಸಿ, ವಿಳಾಸವನ್ನೆಲ್ಲ ತುಂಬಿಸಿಕೊಂಡು, ಹಣ ಕಟ್ಟುವ ಗಳಿಗೆಗೆ ಡೆಲಿವರಿ ಚಾರ್ಜು, ಪ್ಯಾಕಿಂಗ್ ಚಾರ್ಜು, ಹ್ಯಾಂಡ್ಲಿಂಗ್ ಚಾರ್ಜು ಎಂದು ಒಂದೊಂದಾಗಿ ಹನಿಸುತ್ತ ಹೋಗುವ ಪದ್ಧತಿಯನ್ನು ಕೇಂದ್ರ ಸರ್ಕಾರ 2023ರ ನವೆಂಬರ್ 30ರ ಮಾರ್ಗಸೂಚಿಗಳಲ್ಲಿ, ಗ್ರಾಹಕರನ್ನು ದಾರಿ ತಪ್ಪಿಸುವ 13 ಕುಟಿಲ ವಿಧಾನಗಳಲ್ಲಿ ಒಂದೆಂದು ಹೆಸರಿಸಿ ನಿಷೇಧಿಸಿದೆ. ಅದಕ್ಕೂ ಮುಂಚೆ, 2020ರ ಜುಲೈ ತಿಂಗಳಿನಲ್ಲಿ ಹೊರಬಂದ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳು, ಮಾರುವವನು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕೆಂದೂ, ಅದರೊಳಗೆ ಅಂಚೆ, ಸಾಗಣೆ, ನಿರ್ವಹಣೆ, ತೆರಿಗೆ ಎಷ್ಟೆಷ್ಟೆಂಬುದನ್ನು ಬಿಡಿಸಿ ಹೇಳಬೇಕೆಂದೂ ಕಟ್ಟು ಮಾಡಿವೆ. ವಸ್ತುವನ್ನು ಹಿಂದಿರುಗಿಸುವ ಖರ್ಚು ಯಾರದೆಂಬುದನ್ನೂ ಮೊದಲೇ ತಿಳಿಸತಕ್ಕದ್ದು. ಆದರೆ ಈ ನಿಯಮಗಳು ವ್ಯಾಪಾರವನ್ನು ವೃತ್ತಿಯಾಗಿ ನಡೆಸುವವರಿಗೆ. ಮನೆಯ ಹಳೆಯ ಸಾಮಾನನ್ನು ಎಂದೋ ಒಮ್ಮೆ ಮಾರುವ ಖಾಸಗಿ ವ್ಯಕ್ತಿಗೆ ಇವು ಅನ್ವಯಿಸುವುದಿಲ್ಲವೆಂದು ಅಲ್ಲಿಯೇ ಹೇಳಿದೆ. ಅಂಥವರಿಗೆ ಮೇಲೆ ಹೇಳಿದ 1930ರ ಶಾಸನವೂ ತಮ್ಮ ತಮ್ಮ ಮಾತೂ ಇವೆರಡೇ ಆಧಾರ.

'ಅಂಚೆ ವೆಚ್ಚ ಉಚಿತ' ಎಂಬ ಘೋಷಣೆಯ ವಿಷಯದಲ್ಲಿಯೂ ಎರಡು ಮಾತು ಅವಶ್ಯ. ಕಟ್ಟನ್ನು ಹೊರುವವನಿಗೆ ಕೂಲಿ ತಪ್ಪದು. ಆದ್ದರಿಂದ ಉಚಿತವೆಂದರೆ ಆ ವೆಚ್ಚ ಬೆಲೆಯೊಳಗೆ ಸೇರಿದೆಯೆಂದು ಅರ್ಥ. ಹೀಗೆ ಸೇರಿಸಿದಾಗ ಗಾಂಧಿಬಜಾರಿನಲ್ಲಿ ಇರುವವನು ಬೀದರಿನಲ್ಲಿ ಇರುವವನ ವೆಚ್ಚದ ಒಂದಂಶವನ್ನು ತಾನು ತೆರುತ್ತಾನೆ. 250 ಗ್ರಾಮಿಗೆ ಮೇಲ್ಪಟ್ಟು 500 ಗ್ರಾಮಿನವರೆಗಿನ ಸ್ಪೀಡ್ ಪೋಸ್ಟ್ ಲಕೋಟೆಗೆ ಊರೊಳಗೆ 28 ರೂಪಾಯಿ, ಬೀದರಿನಷ್ಟು ದೂರಕ್ಕೆ 82, ಎರಡು ಸಾವಿರ ಕಿಲೋಮೀಟರು ದಾಟಿದರೆ 93, ತೆರಿಗೆ ಬೇರೆ ಎಂಬುದನ್ನು ನೋಡಿದರೆ ಆ ಅಂಶ ಎಷ್ಟೆಂಬುದು ತಿಳಿಯುತ್ತದೆ. ಇದನ್ನು ಅನ್ಯಾಯವೆನ್ನುವವರುಂಟು. ನಾನು ಹಾಗೆನ್ನಲಾರೆ, ಪುಸ್ತಕಗಳ ವಿಷಯದಲ್ಲಂತೂ ಅನ್ನಲೇ ಆರೆ. ಪುಸ್ತಕದ ಅಂಗಡಿಗಳು ಬೆಂಗಳೂರಿನಲ್ಲಿ ನೆರೆದಿರುವಾಗ, ಗಡಿನಾಡಿನ ಕನ್ನಡ ಓದುಗನು ತನ್ನ ಊರು ದೂರವಾಯಿತೆಂಬ ಒಂದೇ ಅಪರಾಧಕ್ಕಾಗಿ ಹೆಚ್ಚು ದಂಡ ತೆರುವುದು ನ್ಯಾಯವಲ್ಲ. ಅರ್ಧ ಆಣೆಯ ಕಾಲದಲ್ಲಿ ಸಮೀಪದವರು ದೂರದವರ ಭಾರವನ್ನು ಹಂಚಿಕೊಂಡದ್ದರಿಂದಲೇ ಈ ದೇಶದ ಜನ ಪರಸ್ಪರ ಕಾಗದ ಬರೆಯುವಂತಾಯಿತು. ಎಲ್ಲ ಊರುಗಳಿಗೂ ಒಂದೇ ದರವನ್ನಿಟ್ಟು, ಆ ದರವನ್ನು ಬೆಲೆಯ ಪಕ್ಕದಲ್ಲಿ ಬೇರೆಯಾಗಿಯೇ ಅಚ್ಚುಹಾಕಿ, ಅಂಗಡಿಗೆ ಬಂದು ಕೊಳ್ಳುವವನಿಗೆ ಅದನ್ನು ಬಿಟ್ಟುಕೊಡುವ ಪ್ರಕಾಶಕನೇ ನನ್ನ ದೃಷ್ಟಿಯಲ್ಲಿ ಸಮೀಪದವನಿಗೂ ದೂರದವನಿಗೂ ಸಮನಾಗಿ ನಡೆದುಕೊಂಡವನು.

ಸಮುದ್ರದಾಚೆಯ ಮನೆಗಳಿಗೆ ಕಳುಹಿಸುವಾಗ ಅಂಚೆ ವೆಚ್ಚದೊಡನೆ ಸುಂಕವೂ ಸೇರಿಕೊಳ್ಳುತ್ತದೆ. ಅಮೆರಿಕಾ ದೇಶ 800 ಡಾಲರಿನವರೆಗಿನ ಕಟ್ಟುಗಳಿಗೆ ಕೊಡುತ್ತಿದ್ದ ಸುಂಕದ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ತೆಗೆದುಹಾಕಿದಾಗ, ನಮ್ಮ ಅಂಚೆ ಇಲಾಖೆ ಅಲ್ಲಿಗೆ ಸರಕಿನ ಕಟ್ಟುಗಳನ್ನು ಸ್ವೀಕರಿಸುವುದನ್ನೇ ಆಗಸ್ಟ್ 25ರಿಂದ ನಿಲ್ಲಿಸಿ, ಅಕ್ಟೋಬರ್ 15ರಂದು ಪುನಃ ಆರಂಭಿಸಿತು. ಆಗಿನಿಂದ ಸುಂಕವನ್ನು ಕಳುಹಿಸುವವರಿಂದ ಇಲ್ಲಿಯೇ ಕಟ್ಟಿಸಿಕೊಳ್ಳುವ ಏರ್ಪಾಡಾಯಿತು. ಮಲ್ಲೇಶ್ವರದಿಂದ ಸೀರೆಗಳನ್ನು ಹೊರದೇಶದ ಕನ್ನಡ ಹೆಣ್ಣುಮಕ್ಕಳಿಗೆ ಮಾರುವವರು ಈ ಬಾಬನ್ನು ಸಾಗಣೆಯ ವೆಚ್ಚದೊಳಗೆ ಅಡಗಿಸದೆ ಪ್ರತ್ಯೇಕವಾಗಿ ತೋರಿಸುವುದು ಲೇಸು.

ಕಳುಹಿಸಿದ ಕಟ್ಟು ದಾರಿಯಲ್ಲಿ ಕಳೆದುಹೋದರೆ ಏನು ಗತಿ? ಸಾಗಿಸುವವನ ಕೈಗೆ ಒಪ್ಪಿಸಿದ್ದು ಮೇಲುನೋಟಕ್ಕೆ ಕೊಂಡವನ ಕೈಗೆ ಒಪ್ಪಿಸಿದಂತೆಯೇ ಎಂದು 1930ರ ಶಾಸನದ 39ನೆಯ ಪ್ರಕರಣ ಹೇಳುತ್ತದೆ. ಆದರೆ ಸರಕಿನ ಸ್ವಭಾವಕ್ಕೆ ತಕ್ಕ ಸಾಗಣೆಯನ್ನು ಮಾರಿದವನು ಏರ್ಪಡಿಸದೆ ಇದ್ದು, ಅದರಿಂದ ಸರಕು ನಷ್ಟವಾದರೆ, ಕೊಂಡವನು ಆ ಒಪ್ಪಿಸುವಿಕೆಯನ್ನು ಒಪ್ಪದೆ ಇರಬಹುದು. ಇಪ್ಪತ್ತು ರೂಪಾಯಿ ಉಳಿಸುವುದಕ್ಕಾಗಿ ಗುರುತಿನ ಸಂಖ್ಯೆಯೇ ಇಲ್ಲದ ಸಾದಾ ಅಂಚೆಯಲ್ಲಿ ಅಲಭ್ಯವಾದ ಗ್ರಂಥವನ್ನು ಹಾಕಿದವರು ಇದನ್ನು ನೆನಪಿಡಬೇಕು. ಹಾಗೆಯೇ, ಹೇಳಿದ್ದೊಂದು ಬಂದದ್ದೊಂದು ಆಗಿ, ಕೊಂಡವನು ನ್ಯಾಯವಾಗಿ ಬೇಡವೆಂದರೆ, ಅದನ್ನು ತನ್ನ ಖರ್ಚಿನಿಂದ ಮರಳಿ ಕಳುಹಿಸುವ ಹೊಣೆ ಅವನಿಗಿಲ್ಲ. ಬೇಡವೆಂದು ಮಾರಿದವನಿಗೆ ತಿಳಿಸಿದರೆ ಸಾಕೆಂದು 43ನೆಯ ಪ್ರಕರಣದಲ್ಲಿದೆ. ಹರಿದ ಪುಟದ ಪುಸ್ತಕವನ್ನು ಕಳುಹಿಸಿ, "ನೀವೇ ಪೋಸ್ಟೇಜ್ ಹಾಕಿ ವಾಪಸ್ ಕಳಿಸಿ, ಆಮೇಲೆ ದುಡ್ಡು" ಎನ್ನುವವರಿಗೆ ಆ ಪ್ರಕರಣವನ್ನು ತೋರಿಸಬಹುದು.

ವೃತ್ತಿಯ ವ್ಯಾಪಾರಿಯೊಡನೆ ವಿವಾದ ಬಂದರೆ ಮೊದಲು ಆ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಅವರು 48 ಗಂಟೆಗಳೊಳಗೆ ದೂರು ಬಂದುದನ್ನು ಒಪ್ಪಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ಅದಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆನಂತರ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ಶುಲ್ಕವಿಲ್ಲ, ಮತ್ತು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ ಗ್ರಾಹಕನು ತಾನು ವಾಸಿಸುವ ಊರಿನಲ್ಲಿಯೇ ದೂರು ಕೊಡಬಹುದಾದ್ದರಿಂದ, ಜೈಪುರದ ವ್ಯಾಪಾರಿಯ ಮೇಲೆ ಬಸವನಗುಡಿಯವರು ಬೆಂಗಳೂರಿನಲ್ಲಿಯೇ ದಾವೆ ಹೂಡಲು ಅಡ್ಡಿಯಿಲ್ಲ. ಬೆಲೆ ತೋರಿಸಿದ ಪುಟದ ಚಿತ್ರ, ಸಾಗಣೆಯ ರಸೀದಿ, ಬಿಚ್ಚುವ ಮುನ್ನ ಕಟ್ಟಿನ ಮೇಲಿನ ವಿಳಾಸದ ಚೀಟಿಯ ಚಿತ್ರ, ಇವು ಮೂರನ್ನು ತೆಗೆದಿಟ್ಟುಕೊಂಡಿರಬೇಕು. ಆ ಚೀಟಿಯ ಮೇಲೆ ತೂಕವೂ ಕೊಟ್ಟ ಹಾಸಲೂ ಅಚ್ಚಾಗಿದ್ದರೆ, ಎಷ್ಟು ತೆತ್ತರು, ಎಷ್ಟು ಕೇಳಿದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.